ಎರಡು ಗಂಟೆ ಹತ್ತು ನಿಮಿಷ

ಫೋನಿನ ಆ ಕಡೆಯಿದ್ದ ಮುದುಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೈಯುವವರಿಗೆ ಹೇಳುವ ಮಾತು ಈ ಕಡೆ ಫೋನ್ ಎತ್ತಿದವನ ನಾಲಿಗೆಯ ತುದಿಯಲ್ಲೇ ಇತ್ತು: ನಮ್ಮದು ಬರೀ ದೂರದ ಲೆಕ್ಕ ಸರ್, ಟಿಕೆಟ್ಟಿನ ವಿಷಯ ವಿಮಾನದವರನ್ನೇ ಕೇಳಬೇಕು. ಅಷ್ಟು ಹೇಳಿ ಇಟ್ಟುಬಿಡಬಹುದಿತ್ತು. ಆದರೆ ಈ ಮುದುಕ, ತಪ್ಪು ಮಾಡಿದವನನ್ನು ಪಕ್ಕಕ್ಕೆ ಕರೆದು ವಿಚಾರಿಸುವ ಮೇಷ್ಟ್ರ ಹಾಗೆ, ಬಹಳ ಮೆತ್ತಗೆ, ವೆಬ್‌ಸೈಟಲ್ಲಿ ಬಂದರಿನ ಊರಿಗೆ ಎರಡು ಗಂಟೆ ಹತ್ತು ನಿಮಿಷ ಅಂತ ಬರೆದಿರೋದು ನೀವೇನಾ ಎಂದು ಕೇಳಿದ. ಹೌದು ಅಂದ ಮೇಲೆ ತನ್ನ ಕತೆ ಹೇಳಿದ. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು, ಸೂಟ್‌ಕೇಸ್ ಹಿಡಿದು ವಿಮಾನ ನಿಲ್ದಾಣಕ್ಕೆ ಬಂದಿದ್ದಾನಂತೆ, ಅಲ್ಲೇ ಟಿಕೆಟ್ ತೆಗೆದುಕೊಂಡರಾಯಿತು ಎಂದು. ಕೌಂಟರಿನ ಹುಡುಗಿ, ಆ ಊರಿಗೆ ಜನ ಹೋಗುವ ವಿಮಾನ ನಿಂತು ಎರಡು ವರ್ಷದ ಮೇಲಾಯಿತು ಅಜ್ಜ, ಈಗ ಅಲ್ಲಿಗೆ ಬರೀ ಸರಕಿನ ವಿಮಾನ ಇಳಿಯುವುದು, ಎಂದು ನಕ್ಕಳಂತೆ. ನಕ್ಕು, ಪಾಪ ಅನಿಸಿತೇನೋ, ಕುಡಿಯಲು ನೀರನ್ನೂ ಕೊಟ್ಟಳಂತೆ. "ನೀವು ಬರೆದಿರೋದು ಹಕ್ಕಿಗಳಿಗಾ, ಮನುಷ್ಯರಿಗಾ?" ಎಂದು ಮುದುಕ ಕೇಳಿದ. ಇವನು ತಯಾರಾಗಿದ್ದ ಮಾತನ್ನು ಶುರುಮಾಡಿದ. ನಮ್ಮದು ಬರೀ ದೂರದ ಲೆಕ್ಕ ಸರ್ ಎನ್ನುವವರೆಗೆ ಬಂದು ನಿಂತುಹೋದ. ನಿನ್ನೆ ಬೆಳಿಗ್ಗೆ ತಾನೇ ಇವನ ಹೆಂಡತಿ ಬಂದರಿನ ಊರಿನ ವಿಮಾನ ಹತ್ತಲು ಮನೆಯಿಂದ ಹೊರಟಿದ್ದಳು.

ಫೋನ್ ಇಟ್ಟಮೇಲೆ ಅವನು ಮಾಡಿದ ಮೊದಲ ಕೆಲಸ ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು. ಎದುರು ಮೇಜಿನ ದಪ್ಪ ಕನ್ನಡಕದವನು, ಏನ್ರೀ ಅರ್ಧಗಂಟೆ, ಗಿರಾಕಿ ಹೆಂಗೆ ಎಂದು ಎಂದಿನಂತೆ ಚೇಷ್ಟೆ ಮಾಡಿದ. ಆಫೀಸಿನಲ್ಲಿ ಅವನ ಹೆಸರು ಅರ್ಧಗಂಟೆ ಎಂದೇ ಆಗಿಹೋಗಿತ್ತು. ಅವರ ಕಂಪನಿಗೆ ವಿಮಾನವೂ ಇರಲಿಲ್ಲ, ಮಾರಲು ಟಿಕೆಟ್ಟೂ ಇರಲಿಲ್ಲ. ಇದ್ದದ್ದು ಒಂದು ವೆಬ್‌ಸೈಟು. ಭೂಮಿಯ ಮೇಲಿನ ಯಾವುದೇ ಎರಡು ವಿಮಾನ ನಿಲ್ದಾಣ ಹೇಳಿದರೂ ನಡುವಿನ ದೂರ ಎಷ್ಟು, ಹಾರಲು ಹಿಡಿಯುವ ಹೊತ್ತೆಷ್ಟು ಎಂದು ಅದು ಹೇಳುತ್ತಿತ್ತು. ಕಂಪ್ಯೂಟರು ಇಲ್ಲಿಂದಲ್ಲಿಗೆ ಒಂದು ಗೆರೆ ಎಳೆದು, ಅದನ್ನು ವಿಮಾನದ ವೇಗದಿಂದ ಭಾಗಿಸುತ್ತಿತ್ತು. ಏರುವುದು ಇಳಿಯುವುದು ಲೆಕ್ಕಕ್ಕೆ ಬರಲಿಲ್ಲವಲ್ಲ, ಎಲ್ಲಕ್ಕೂ ಒಂದು ಅರ್ಧ ಗಂಟೆ ಸೇರಿಸಿಬಿಡೋಣ ಎಂದು ಶುರುವಿನಲ್ಲೇ ಹೇಳಿದವನು ಅವನು. ಆ ಅರ್ಧ ಗಂಟೆ ಎಲ್ಲಿಂದ ಬಂತು ಎಂದು ಯಜಮಾನರು ಕೇಳಿದರು. ಮೀಟಿಂಗಿನಲ್ಲಿ ಎಲ್ಲರ ಎದುರು ಅವನು ಬೆಪ್ಪನಂತೆ ನಿಂತಿದ್ದ. ಅವನು ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಅದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುತ್ತದೆಂಬ ಹೆದರಿಕೆಯಿಂದ ಊಟದ ಹೊತ್ತಿನಲ್ಲಿ ಯಾರಾದರೂ ಪ್ರಯಾಣದ ಮಾತೆತ್ತಿದರೆ ಅವನು ಕೈತೊಳೆಯಲು ಎದ್ದುಹೋಗುತ್ತಿದ್ದ. ಆ ತಿಂಗಳೇ ಹೆಂಡತಿಯನ್ನು ಅವಳ ಕಂಪನಿಯವರು ಬಂದರಿನ ಊರಿಗೆ ಕಳಿಸಿದರು. ತೂಕದ ಯಂತ್ರ ಮಾಡುವ ಕಂಪನಿ ಅದು. ಬಂದರಿನ ಗೋದಾಮುಗಳಲ್ಲಿ ಅವರ ಯಂತ್ರಗಳು ಸರಿಯಾಗಿ ತೂಗುತ್ತಿವೆಯೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಿ, ರಾತ್ರಿ ಉಳಿದು, ಮಾರನೆಯ ಸಂಜೆ ಬರುವ ಕೆಲಸ. ಮೊದಲ ಸಲ ಬಂದವಳು ಚಪ್ಪಲಿ ಬಿಡುವ ಮೊದಲೇ ಅವನು ಎಷ್ಟು ಹೊತ್ತಾಯಿತು ಎಂದು ಕೇಳಿದ್ದ. ಅವಳು ಒಂದು ಗಳಿಗೆ ಅವನ ಮುಖ ನೋಡಿ, ನಿಮ್ಮ ಲೆಕ್ಕ ಎಷ್ಟು ಎಂದಳು. ಆ ಅರ್ಧ ಗಂಟೆಯೂ ಸೇರಿ ಎರಡು ಗಂಟೆ ಹತ್ತು ನಿಮಿಷ ಎಂದ. ಅಷ್ಟೇ ಆಯಿತು, ಸರಿಯಾಗಿದೆ, ಎಂದಳು. ಮಾರನೆಯ ದಿನ ಅವನು ಎದೆಯುಬ್ಬಿಸಿ ಯಜಮಾನರ ಕೋಣೆಗೆ ಹೋದ. ಅಂದಿನಿಂದ ಅವರ ವೆಬ್‌ಸೈಟಿನಲ್ಲಿ ಜಗತ್ತಿನ ಎಲ್ಲ ವಿಮಾನಗಳೂ ಆ ಅರ್ಧ ಗಂಟೆಯನ್ನು ಹೊತ್ತುಕೊಂಡೇ ಹಾರುತ್ತಿದ್ದವು.

ಮುದುಕನಿಗೆ ಅರುಳುಮರುಳೇ ಇರಬೇಕು, ಊರು ತಪ್ಪಿ ಕೇಳಿರಬೇಕು. ಹಾಗೆಂದುಕೊಂಡು ಅವನು ಬಂದರಿನ ನಿಲ್ದಾಣದ ವಿವರ ತೆಗೆದು ನೋಡಿದ. ಮುದುಕ ಹೇಳಿದ್ದೇ ನಿಜವಾಗಿತ್ತು. ಜನರ ವಿಮಾನ ನಿಂತಿತ್ತು. ಜನ ಕೂರುತ್ತಿದ್ದ ಕಟ್ಟಡದಲ್ಲಿ ಈಗ ಪೆಟ್ಟಿಗೆಗಳನ್ನು ಪೇರಿಸಿಟ್ಟ ಒಂದು ಚಿತ್ರವೂ ಇತ್ತು. ಇಷ್ಟು ದಿನ ಅದನ್ನು ಅವನು ನೋಡಿರಲೇ ಇಲ್ಲ. ನೋಡುವ ಜರೂರೂ ಬಿದ್ದಿರಲಿಲ್ಲ. ಗೆರೆ ಎಳೆಯಲು ಎರಡು ಚುಕ್ಕೆ ಸಾಕು, ಅಲ್ಲಿ ವಿಮಾನ ಇದೆಯೋ ಇಲ್ಲವೋ ಯಾರಿಗೆ ಬೇಕು. ಎರಡು ವರ್ಷ. ಎರಡು ವರ್ಷದಿಂದ ಪ್ರತಿ ತಿಂಗಳೂ ಅವಳು ಅದೇ ಕಂದು ಬಣ್ಣದ ಚೀಲ ತುಂಬಿಕೊಂಡು ಹೋಗುತ್ತಿದ್ದಳು, ಮಾರನೆಯ ಸಂಜೆ ವಿಮಾನ ನಿಲ್ದಾಣದ ಬಸ್ಸಿನಲ್ಲೇ ಬಂದು ಇಳಿಯುತ್ತಿದ್ದಳು. ಇವನು ಬೀದಿಯ ತಿರುವಿನಲ್ಲಿ ನಿಂತು ಚೀಲ ಇಸಿದುಕೊಂಡು ಎಷ್ಟು ಹೊತ್ತಾಯಿತು ಎನ್ನುತ್ತಿದ್ದ. ಅವಳು ಎರಡು ಗಂಟೆ ಹತ್ತು ನಿಮಿಷ ಎನ್ನುತ್ತಿದ್ದಳು. ಒಂದು ಸಲವೂ ಹೆಚ್ಚಿಲ್ಲ, ಒಂದು ಸಲವೂ ಕಡಿಮೆಯಿಲ್ಲ. ಗಾಳಿ ಇರಲಿ ಮಂಜಿರಲಿ ಎರಡು ಗಂಟೆ ಹತ್ತು ನಿಮಿಷ. ಲೆಕ್ಕವನ್ನೇ ಕಸುಬು ಮಾಡಿಕೊಂಡವನು, ಯಾವ ವಿಮಾನವೂ ತಿಂಗಳು ತಿಂಗಳೂ ಒಂದೇ ಹೊತ್ತಿಗೆ ಹೋಗಿ ಮುಟ್ಟಲಾರದು ಎಂಬ ಸಣ್ಣ ಅನುಮಾನವನ್ನೂ ಪಡದೆ ಹಿಗ್ಗಿದ್ದನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯ ಬಂತು. ಫೋನ್ ಮಾಡಿದ. ಅವಳು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎಂದಿನ ಸಂದೇಶ ಬಂತು: ಕೆಲಸದಲ್ಲಿದೀನಿ, ಸಂಜೆ ಏಳಕ್ಕೆ ವಿಮಾನ ಇಳಿಯುತ್ತೆ, ಬಸ್ಸಲ್ಲಿ ಬರ್ತೀನಿ. ಅದನ್ನು ಓದುವಾಗ ಅವನಿಗೆ ಮೊದಲು ಅನಿಸಿದ್ದು ಸಿಟ್ಟಲ್ಲ, ನಾಚಿಕೆ. ಯಾರೋ ಬಾಗಿಲ ಸಂದಿಯಲ್ಲಿ ನಿಂತು ತನ್ನ ಹಿಗ್ಗನ್ನು ಇಷ್ಟು ದಿನ ನೋಡುತ್ತಿದ್ದರೇನೋ ಎಂಬ ನಾಚಿಕೆ.

ಹೊಟ್ಟೆನೋವು ಎಂದು ಹೇಳಿ ಆಫೀಸಿನಿಂದ ಹೊರಟ. ಅವನಿಗೆ ಯಾವಾಗಲೂ ಒದಗಿ ಬರುವ ನೆವ ಅದೊಂದೇ. ವಿಮಾನ ನಿಲ್ದಾಣದ ಬಸ್ಸು ಅರ್ಧ ಖಾಲಿಯಿತ್ತು. ಕಿಟಕಿಯ ಪಕ್ಕ ಕೂತು ಅವನು ಒಬ್ಬ ಗಂಡಸನ್ನು ಕಟ್ಟಿ ನಿಲ್ಲಿಸತೊಡಗಿದ. ಎತ್ತರದವನು, ಇಸ್ತ್ರಿ ಮಾಡಿದ ಅಂಗಿಯವನು, ವಿಮಾನ ಹತ್ತಿಳಿದು ಅಭ್ಯಾಸವಿದ್ದವನು. ಅವನ ಕೈಯಲ್ಲಿ ಹೆಂಡತಿಯ ಕಂದು ಚೀಲ ಕೊಟ್ಟು ನೋಡಿದ. ಅವರಿಬ್ಬರೂ ಎಲ್ಲೋ ಒಂದು ಕೋಣೆಯಲ್ಲಿ ಕೂತು, ನಿಮ್ಮವರು ಇವತ್ತೂ ಎಷ್ಟು ಹೊತ್ತು ಅಂತ ಕೇಳ್ತಾರಾ, ಎಂದು ನಗುವುದನ್ನೂ ಕೇಳಿಸಿಕೊಂಡ. ಮದುವೆಯಾದ ಹೊಸತರಲ್ಲಿ ಇದೇ ರಸ್ತೆಯಲ್ಲಿ ಅವರಿಬ್ಬರೂ ಹೋಗಿದ್ದರು. ಅವಳೇ ತನ್ನ ಸಂಬಳದಲ್ಲಿ ಎರಡು ಟಿಕೆಟ್ ತಂದಿದ್ದಳು, ಸಮುದ್ರ ನೋಡಿ ಬರೋಣ ಎಂದು. ದಾರಿಯುದ್ದಕ್ಕೂ ಅವಳ ಮಾತು ನಿಂತಿರಲಿಲ್ಲ. ಕಿಟಕಿ ಸೀಟು ನಿಮಗಾ ನನಗಾ, ಹೋಗುವಾಗ ನನಗೆ ಬರುವಾಗ ನಿಮಗೆ, ಎಂದು ಪಾಲು ಕೂಡ ಮಾಡಿದ್ದಳು. ತಪಾಸಣೆಯ ಸಾಲಿನಲ್ಲಿ ಇನ್ನೇನು ಮುಂದೆ ನಾಲ್ಕೇ ಜನ ಎನ್ನುವಾಗ ಅವನು ಹೊಟ್ಟೆ ಹಿಡಿದುಕೊಂಡ. ಶೌಚಾಲಯಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು, ಅವರ ವಿಮಾನಕ್ಕೆ ಕೊನೆಯ ಕರೆ ಕೊಟ್ಟದ್ದು ಕೇಳಿಸಿದ ಮೇಲೂ ಬಹಳ ಹೊತ್ತು ಅಲ್ಲೇ ಕೂತ. ಹೊರಗೆ ಬಂದಾಗ ಅವಳು ಸಾಲಿನ ಹತ್ತಿರ ಇರಲಿಲ್ಲ. ಹುಡುಕಿಕೊಂಡು ಹೋದರೆ, ಟಿಕೆಟ್ ಇಲ್ಲದವರು ನಿಂತು ವಿಮಾನ ನೋಡಲೆಂದು ಮೇಲೆ ಮಾಡಿದ್ದ ಗಾಜಿನ ಮಾಳಿಗೆಯಲ್ಲಿ ಒಬ್ಬಳೇ ನಿಂತಿದ್ದಳು. ಹೊಟ್ಟೆ ಈಗ ಹೇಗಿದೆ ಎಂದು ಕೇಳಿದಳು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವಲ್ಲ, ಪುಣ್ಯಾತ್ಗಿತ್ತಿ, ಎಂದು ಅವನು ಅಂದು ನೆಮ್ಮದಿಪಟ್ಟಿದ್ದ.

ನಿಲ್ದಾಣದಲ್ಲಿ ಇಳಿದು ದೊಡ್ಡ ಬೋರ್ಡಿನ ಎದುರು ನಿಂತ. ಊರುಗಳ ಹೆಸರುಗಳು ಒಂದರ ಕೆಳಗೊಂದು ಬಂದು ಹೋಗುತ್ತಿದ್ದವು. ಅವೆಲ್ಲ ಅವನಿಗೆ ಬಾಯಿಪಾಠವಾಗಿದ್ದ ಊರುಗಳು, ಯಾವುದಕ್ಕೆ ಎಷ್ಟು ಹೊತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಬೋರ್ಡಿನಲ್ಲಿದ್ದ ಹೊತ್ತುಗಳಿಗೂ ಅವನ ಹೊತ್ತುಗಳಿಗೂ ತಾಳೆಯೇ ಇರಲಿಲ್ಲ. ಒಂದು ವಿಮಾನ ತಡ, ಇನ್ನೊಂದು ರದ್ದು, ಮತ್ತೊಂದು ಮುಂಚೆಯೇ ಬಂದು ಕೂತಿತ್ತು. ಬಂದರಿನ ಊರು ಇರಲಿಲ್ಲ. ಎರಡು ಸಲ ನೋಡಿದ, ಮೂರನೆಯ ಸಲ ಬೆರಳು ಹಿಡಿದು ಓದಿದ. ವಿಚಾರಣೆಯ ಕೌಂಟರಿನಲ್ಲಿದ್ದ ಹುಡುಗಿ, ಇವತ್ತು ಆ ಊರು ಕೇಳಿದವರಲ್ಲಿ ನೀವು ಎರಡನೆಯವರು, ಏನಾದರೂ ವಿಶೇಷವೇ ಎಂದಳು. ಅವನು ಏನೂ ಇಲ್ಲ ಎಂದು ಅಲ್ಲಿಂದ ಸರಿದ. ಹೋಗಬೇಕಾದ ಜಾಗ ಯಾವುದೆಂದು ಗೊತ್ತಿರಲಿಲ್ಲ, ಕಾಲಿಗೆ ಮಾತ್ರ ಗೊತ್ತಿದ್ದಂತಿತ್ತು. ಟಿಕೆಟ್ ಇಲ್ಲದವರಿಗೆ ಅಲ್ಲಿ ಇರುವುದು ಒಂದೇ ಮೆಟ್ಟಿಲು. ಹತ್ತಿದ.

ಅವಳು ಕೊನೆಯ ಕುರ್ಚಿಯಲ್ಲಿ, ಗಾಜಿಗೆ ಮುಖ ಮಾಡಿ ಕೂತಿದ್ದಳು. ಚಪ್ಪಲಿ ಬಿಟ್ಟು ಕಂದು ಚೀಲದ ಮೇಲೆ ಕಾಲು ಚಾಚಿದ್ದಳು. ಮಡಿಲಲ್ಲಿ ಒಂದು ಕಿತ್ತಳೆ ಹಣ್ಣು. ಸಿಪ್ಪೆಯನ್ನು ಹರಿಯದ ಹಾಗೆ, ಒಂದೇ ಸುತ್ತಿನಲ್ಲಿ, ಬಹಳ ನಿಧಾನವಾಗಿ ಸುಲಿಯುತ್ತಿದ್ದಳು. ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಪಕ್ಕದ್ದೂ ಖಾಲಿ. ಅವನು ಬಸ್ಸಿನಲ್ಲಿ ಕಟ್ಟಿಕೊಂಡು ತಂದಿದ್ದ ಎತ್ತರದ ಗಂಡಸು ಎಲ್ಲೂ ಇರಲಿಲ್ಲ. ಕಂಬದ ಮರೆಯಲ್ಲಿ ನಿಂತು ಅವನು ಆ ಗಂಡಸಿಗಾಗಿ ಕಾದ. ಈಗ ಬರುತ್ತಾನೆ, ಕಾಫಿ ತರಲು ಹೋಗಿರುತ್ತಾನೆ, ಎಂದು ಕಾದ. ಯಾರೂ ಬರಲಿಲ್ಲ. ಅವಳು ಒಂದು ತೊಳೆ ಬಾಯಿಗಿಟ್ಟು, ಎದುರಿಗೆ ವಿಮಾನವೊಂದು ಓಡಿ ಮೇಲೇಳುವುದನ್ನು ನೋಡಿದಳು. ಅದು ಕಾಣದಾಗುವವರೆಗೂ ಇನ್ನೊಂದು ತೊಳೆ ಬಿಡಿಸಲಿಲ್ಲ. ಅವಳ ಮುಖ ಅವನಿಗೆ ಗುರುತೇ ಹತ್ತದಷ್ಟು ಸಡಿಲವಾಗಿತ್ತು. ಮನೆಯಲ್ಲಿ ಅವಳ ಹುಬ್ಬಿನ ನಡುವೆ ಒಂದು ಗೆರೆ ಇತ್ತು. ಅದು ಹುಟ್ಟಿನಿಂದ ಬಂದದ್ದು ಎಂದೇ ಅವನು ತಿಳಿದಿದ್ದ. ಇಲ್ಲಿ ಅದು ಇರಲಿಲ್ಲ. ಆ ಗಂಡಸು ಇದ್ದಿದ್ದರೆ ಎಷ್ಟು ಸುಲಭವಿತ್ತು. ಕೂಗಾಡಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು, ಜನ ಸೇರುತ್ತಿದ್ದರು, ನಾಲ್ಕು ಜನ ಇವನ ಪರವಾಗಿ ಮಾತಾಡುತ್ತಿದ್ದರು. ಖಾಲಿ ಕುರ್ಚಿಯ ಕೊರಳಪಟ್ಟಿ ಹಿಡಿಯುವುದು ಹೇಗೆ? ಹೋಗಿ ಅವಳ ಪಕ್ಕದಲ್ಲಿ ಕೂತ.

ಅವಳು ಬೆಚ್ಚಿಬಿದ್ದಳು. ಹಣ್ಣು ಕೈಜಾರಿ ನೆಲಕ್ಕೆ ಬಿತ್ತು, ಬಗ್ಗಿ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಕಾಲು ಕೆಳಗಿಳಿಸಿ ಚಪ್ಪಲಿ ಹಾಕಿಕೊಂಡಳು. ಹುಬ್ಬಿನ ನಡುವಿನ ಗೆರೆ ಮೆಲ್ಲಗೆ ಬಂದು ತನ್ನ ಜಾಗದಲ್ಲಿ ಕೂತದ್ದನ್ನು ಅವನು ಕಣ್ಣಾರೆ ಕಂಡ. ಯಾರು ಅವನು ಎಂದು ಕೇಳಿದ, ಅವನು ಎಂಬ ಒಬ್ಬ ಇರಲಿ ಎಂಬ ಆಸೆಯಿಂದಲೇ ಕೇಳಿದ. ಯಾರೂ ಇಲ್ಲ ಎಂದಳು. ಆಮೇಲೆ, ಬಹಳ ದಿನದಿಂದ ಹೇಳಲು ಸಿದ್ಧವಾಗಿದ್ದವಳ ಹಾಗೆ, ತಡವರಿಸದೆ ಎಲ್ಲವನ್ನೂ ಹೇಳಿದಳು. ವಿಮಾನ ನಿಂತ ತಿಂಗಳೇ ಅವರ ಕಂಪನಿ ಬಂದರಿನ ಕೆಲಸವನ್ನು ಅಲ್ಲಿಯವರಿಗೇ ವಹಿಸಿಕೊಟ್ಟಿತ್ತಂತೆ. ಆ ಸುದ್ದಿ ಬಂದಾಗ ಅವಳ ಚೀಲ ತುಂಬಿಯಾಗಿತ್ತು. ತುಂಬಿದ ಚೀಲವನ್ನು ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ. ರಜೆ ಹಾಕಿ, ಬಸ್ಸು ಹತ್ತಿ ಇಲ್ಲಿಗೆ ಬಂದು ಕೂತಳು. ರಾತ್ರಿ ರಸ್ತೆಯಾಚೆಯ ವಸತಿಗೃಹದಲ್ಲಿ ಒಂದು ಕೋಣೆ ಹಿಡಿದು ಮಲಗಿದಳು. ಅಷ್ಟು ಗಾಢವಾದ ನಿದ್ದೆ ಮಾಡಿ ಎಷ್ಟೋ ವರ್ಷವಾಗಿತ್ತು ಎಂದು ಬೆಳಿಗ್ಗೆ ಗೊತ್ತಾಯಿತು. ಮುಂದಿನ ತಿಂಗಳೂ ಬಂದಳು. ಆಮೇಲೆ ಬರದಿರಲು ಆಗಲಿಲ್ಲ. ಅವನು, ಮನೆಯಲ್ಲಿ ಏನು ಕಡಿಮೆಯಾಗಿದೆ, ನಾನು ಯಾವತ್ತಾದರೂ ಕೈ ಎತ್ತಿದ್ದೇನೆಯೇ, ದನಿ ಎತ್ತಿದ್ದೇನೆಯೇ ಎಂದ. ಅವಳು ಇಲ್ಲ ಎಂದು ತಲೆಯಾಡಿಸಿದಳು.

"ನೀವು ಒಳ್ಳೆಯವರೇ," ಎಂದಳು. "ಆದ್ರೆ ಸ್ನಾನಕ್ಕೆ ಹೋಗಿ ಬಂದ್ರೆ ಎಷ್ಟು ಹೊತ್ತು ಅಂತೀರಿ. ಅಂಗಡಿಗೆ ಹೋಗಿ ಬಂದ್ರೆ ಎಷ್ಟು ಹೊತ್ತು ಅಂತೀರಿ. ನಮ್ಮಮ್ಮ ತೀರಿಕೊಂಡಾಗ ಅಳ್ತಾ ಇದ್ದೆ, ಆಗ್ಲೂ ಗಡಿಯಾರ ನೋಡಿದ್ರಿ. ಇಲ್ಲಿ ಯಾರೂ ನನ್ನನ್ನ ಏನೂ ಕೇಳಲ್ಲರೀ."

ಅವನಿಗೆ ನೆನಪಾಯಿತು. ಅತ್ತೆ ತೀರಿಕೊಂಡ ದಿನ ಅವನು ಗಡಿಯಾರ ನೋಡಿದ್ದು ನಿಜ. ಅವಳು ಏನೂ ತಿಂದಿಲ್ಲವಲ್ಲ, ಎಷ್ಟು ಹೊತ್ತಾಯಿತು ಎಂದು ನೋಡಿದ್ದು. ಅದನ್ನು ಈಗ ಹೇಳೋಣವೆಂದು ಬಾಯಿ ತೆರೆದ. ಹೇಳಿದರೂ ಅದು ಮತ್ತೆ ಗಡಿಯಾರದ ಮಾತೇ ಆಗುತ್ತದೆ ಅನಿಸಿತು. ಕೆಳಗೆ ಇನ್ನೊಂದು ವಿಮಾನ ಬಂದು ಇಳಿಯಿತು, ಗಾಜು ಸಣ್ಣಗೆ ನಡುಗಿತು. ಹೀಗೆ ಸೋತು ಕೂತವನಿಗೆ ಒಂದೇ ಒಂದು ಆಸರೆ ಉಳಿದಿತ್ತು, ಅದನ್ನು ಹಿಡಿದುಕೊಂಡ. ಮೊದಲ ಒಂದೆರಡು ವರ್ಷ ನೀನು ನಿಜವಾಗಿಯೂ ಹೋಗುತ್ತಿದ್ದೆ ಅಲ್ಲವೇ, ಆಗ ಎರಡು ಗಂಟೆ ಹತ್ತು ನಿಮಿಷ ಆಗಿದ್ದು ನಿಜ ತಾನೇ, ಎಂದು ಕೇಳಿದ. ಕೇಳುವಾಗ ತನ್ನ ದನಿ ತನಗೇ ಭಿಕ್ಷೆ ಬೇಡುವವನ ದನಿಯಂತೆ ಕೇಳಿಸಿತು. ಅವಳು ಸುಲಿದ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡಳು.

"ಮೊದಲನೇ ಸಲ ಮಂಜಿತ್ತು," ಎಂದಳು. "ಇಳಿಯೋಕೆ ಬಿಡದೆ ಸಮುದ್ರದ ಮೇಲೆ ಸುತ್ತು ಹೊಡೆಸಿದ್ರು. ಮೂರು ಗಂಟೆ ಆಗಿತ್ತೋ ಏನೋ, ಭಯದಲ್ಲಿ ನಾನು ಗಡಿಯಾರ ನೋಡ್ಲೇ ಇಲ್ಲ. ಮನೆಗೆ ಬಂದು ನಿಮ್ಮ ಮುಖ ನೋಡಿದೆ. ಆವತ್ತೇ ಸುಳ್ಳು ಹೇಳಿದ್ದು ನಾನು. ಆಮೇಲೆ ಹೇಳಿದ್ದೆಲ್ಲ ಅದರದೇ ನಕಲು."

ಯಜಮಾನರ ಕೋಣೆ, ತಾನು ಎದೆಯುಬ್ಬಿಸಿ ನಿಂತದ್ದು, ಅವರು ನಕ್ಕು ಬೆನ್ನು ತಟ್ಟಿದ್ದು, ದಪ್ಪ ಕನ್ನಡಕದವನು ಅರ್ಧಗಂಟೆ ಎಂದು ಹೆಸರಿಟ್ಟದ್ದು ಎಲ್ಲ ಅವನಿಗೆ ಒಟ್ಟಿಗೆ ನೆನಪಾಯಿತು. ಭೂಮಿಯ ಮೇಲಿನ ಎಲ್ಲ ಊರುಗಳಿಂದ ಎಲ್ಲ ಊರುಗಳಿಗೆ ಅವನು ಕೊಟ್ಟ ಹೊತ್ತು, ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ಪಾಪ ಎಂದು ಹೇಳಿದ ಒಂದು ಮಾತಿನ ಮೇಲೆ ನಿಂತಿತ್ತು. ಏಳು ಹೋಗೋಣ ಎಂದ. ಅವಳು ಏಳಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಕಿತ್ತಳೆಯಲ್ಲಿ ಉಳಿದ ಅರ್ಧವನ್ನು ಅವನ ಅಂಗೈಯಲ್ಲಿಟ್ಟು, "ನನ್ನ ವಿಮಾನ ಇಳಿಯೋದು ಏಳಕ್ಕೆ. ಅಲ್ಲಿವರೆಗೂ ನನ್ನನ್ನ ಬಿಡಿ," ಎಂದಳು. ಏಳಕ್ಕೆ ಬರುತ್ತೀಯಾ ಎಂದು ಕೇಳಿದ. ಅವಳು ಮತ್ತೆ ಗಾಜಿನ ಕಡೆ ತಿರುಗಿ ಕೂತಿದ್ದಳು. ಇಷ್ಟು ದಿನ ಮನೆಗೆ ಬರ್ತಿದ್ದದ್ದು, ಈ ಜಾಗ ನಿಮಗೆ ಗೊತ್ತಿಲ್ಲ ಅಂತ ರೀ, ಎಂದಷ್ಟೇ ಹೇಳಿದಳು. ಇನ್ನು ಬರುತ್ತೇನೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ.

ಮೆಟ್ಟಿಲಿಳಿದು, ವಿಮಾನದಿಂದ ಇಳಿದವರು ಹೊರಬರುವ ಬಾಗಿಲಿನ ಹತ್ತಿರ ಹೋಗಿ ನಿಂತ. ಮೇಲಿನ ಮಾಳಿಗೆಯಿಂದ ಬರುವವರಿಗೂ ಹೊರಗೆ ಹೋಗಲು ಇದ್ದದ್ದು ಅದೇ ಬಾಗಿಲು. ಹೆಸರು ಬರೆದ ಹಲಗೆ ಹಿಡಿದ ಡ್ರೈವರುಗಳು, ಹೂಗುಚ್ಛ ಹಿಡಿದ ಒಬ್ಬ ಹೆಂಗಸು, ಅವರ ನಡುವೆ ಕಿತ್ತಳೆಯ ಅರ್ಧ ಹಿಡಿದ ಇವನು. ಗೋಡೆಯ ಬೆಂಚಿನಲ್ಲಿ ಒಳ್ಳೆಯ ಅಂಗಿ ಹಾಕಿದ ಮುದುಕನೊಬ್ಬ ಸೂಟ್‌ಕೇಸಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಸ್ವಲ್ಪ ಸರಿದು ಇವನಿಗೆ ಜಾಗ ಕೊಟ್ಟ. ಮಗಳು ಕೆಲಸ ಮುಗಿಸಿ ಬಂದು ಮನೆಗೆ ಕರೆದುಕೊಂಡು ಹೋಗಬೇಕು, ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ, ಎಂದ. ದನಿ ಕೇಳಿದ ಕೂಡಲೇ ಇವನಿಗೆ ಯಾರೆಂದು ಗೊತ್ತಾಯಿತು. ಬರೆದವನು ನಾನೇ, ತಪ್ಪಾಯಿತು ಎಂದು ಕೈ ಮುಗಿಯಬೇಕೆನಿಸಿತು. ಮುಗಿಯಲಿಲ್ಲ, ಕೈಯಲ್ಲಿ ಹಣ್ಣಿತ್ತು. ಮುದುಕ ಹೊತ್ತು ಕಳೆಯಲು ಮಾತಿಗೆಳೆದ. ಯಾರು ಬರಬೇಕು ಎಂದು ಕೇಳಿದ. ಹೆಂಡತಿ ಎಂದ ಇವನು. ಎಲ್ಲಿಂದ ಎಂದು ಮುದುಕ ಕೇಳಿದ.

"ಬಂದರಿನ ಊರಿಂದ."

ಮುದುಕ ಅವನ ಕಡೆ ತಿರುಗಿದ. ಮೆತ್ತಗೆ, ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದಕ್ಕಿಂತ ಮೆತ್ತಗೆ, "ಅಲ್ಲಿಂದ ವಿಮಾನವೇ ಇಲ್ಲವಲ್ಲಪ್ಪ," ಎಂದ.

ಇದೆ, ಏಳಕ್ಕೆ ಇಳಿಯುತ್ತದೆ ಎಂದ ಇವನು. ಬಾಗಿಲ ಮೇಲಿನ ಗಡಿಯಾರ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಏಳಾಯಿತು. ಬಾಗಿಲು ತೆರೆದು ಒಂದು ದೊಡ್ಡ ಗುಂಪು ಬಂತು, ಡ್ರೈವರುಗಳು ಹಲಗೆ ಎತ್ತಿ ಹಿಡಿದರು, ಹೂಗುಚ್ಛದ ಹೆಂಗಸು ಯಾರನ್ನೋ ತಬ್ಬಿಕೊಂಡು ಅತ್ತಳು. ಗುಂಪು ಕರಗಿತು. ಆಮೇಲೆ ಒಬ್ಬಿಬ್ಬರು ಬಂದರು. ಆಮೇಲೆ ನೆಲ ಒರೆಸುವವನೊಬ್ಬ ಬಂದ. ಬಾಗಿಲು ಮುಚ್ಚಿಕೊಂಡಿತು. ಕೈಯಲ್ಲಿದ್ದ ಹಣ್ಣು ಬಿಸಿಯಾಗಿ ಅಂಗೈಯೆಲ್ಲ ಅಂಟಂಟಾಗಿತ್ತು. ಮುದುಕನ ಮಗಳು ಬಂದಳು, ತಂದೆಯ ಸೂಟ್‌ಕೇಸ್ ಎತ್ತಿಕೊಂಡಳು. ಹೊರಡಲು ಎದ್ದ ಮುದುಕನಿಗೆ ಕಾಲು ಬರಲಿಲ್ಲ, ಇವನನ್ನು ಹೀಗೆ ಬಿಟ್ಟು ಹೋಗುವುದು ಹೇಗೆ ಎಂಬಂತೆ ನಿಂತ. ಇನ್ನೂ ಬರಲಿಲ್ಲವಲ್ಲಪ್ಪ ಎಂದ.

"ಅರ್ಧ ಗಂಟೆ ಸೇರಿಸ್ಕೊಬೇಕು ಸರ್," ಎಂದ ಅವನು. "ಇಳಿಯೋಕೆ ಅಷ್ಟು ಹಿಡಿಯುತ್ತೆ."

ಮುದುಕ ನಂಬಿದವನಂತೆ ತಲೆಯಾಡಿಸಿ, ಮಗಳ ಕೈ ಹಿಡಿದು ಹೊರಟುಹೋದ. ಅವನು ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತ. ಆ ಅರ್ಧ ಗಂಟೆಯನ್ನು ಈವರೆಗೆ ಯಾರೂ ಅಳೆದು ನೋಡಿರಲಿಲ್ಲ.